ಕೆಳಗಿನ ತುದಿ ಯಾರದು?

ಮಾರ್ಚ್ 4, ಮಂಗಳವಾರ

ಈ ಡೈರಿ ಹೊಸ ವರ್ಷಕ್ಕೆ ಫರ್ನಿಚರ್ ಅಂಗಡಿಯವನು ಪುಕ್ಕಟೆ ಕೊಟ್ಟದ್ದು. ಇಷ್ಟು ದಿನ ಖಾಲಿ ಬಿದ್ದಿತ್ತು. ಮನೆ ಸಾಮಾನು ಹೊತ್ತು ಬದುಕುವವನಿಗೆ ಬರೆಯುವುದೇನಿರುತ್ತದೆ? ಆದರೆ ನಿನ್ನೆ ನಡೆದದ್ದನ್ನು ನಡೆದ ಹಾಗೇ ಬರೆದಿಡಬೇಕು. ನಾಳೆ ಯಾರಾದರೂ ಕಥೆ ತಿರುಗಿಸಿ ಹೇಳಿದರೆ ನನ್ನ ಹತ್ತಿರ ಒಂದು ದಾಖಲೆ ಇರಲಿ. ಇವಳು ಇದನ್ನೆಲ್ಲ ಓದುವವಳಲ್ಲ, ಆದರೂ ದಿಂಬಿನ ಕೆಳಗೆ ಇಡುತ್ತೇನೆ. ಹೆಂಡತಿಯನ್ನು ನಂಬಬಾರದು ಅಂತಲ್ಲ, ದಿಂಬನ್ನು ಹೆಚ್ಚು ನಂಬಬಹುದು ಅಂತ.

ನಡೆದದ್ದು ಇಷ್ಟು. ನಾನೂ ನನ್ನ ತಮ್ಮನೂ ಮೂರನೇ ಮಹಡಿಯಿಂದ ಮರದ ಬೀರು ಇಳಿಸುತ್ತಿದ್ದೆವು. ಯಾವಾಗಲೂ ಕೆಳಗಿನ ತುದಿ ನನ್ನದು, ಮೇಲಿನದು ಅವನದು. ಕೆಳಗಿನವನ ಮೇಲೆ ಹೆಚ್ಚು ಭಾರ ಬೀಳುತ್ತದೆ. ಅವನು ಕೆನ್ನೆಯನ್ನು ಮರಕ್ಕೆ ಆನಿಸಿ, ಗೋಡೆ ನೋಡುತ್ತ, ಹಿಂದೆ ಹಿಂದೆ ಇಳಿಯಬೇಕು. ಕಾಲ ಕೆಳಗೆ ಏನಿದೆ ಅಂತ ಮೇಲಿನವನು ಕೂಗಿ ಹೇಳುತ್ತಾನೆ: ‘ಮೆಟ್ಟಿಲು, ಮೆಟ್ಟಿಲು, ತಿರುವು, ನೆಲ.’ ‘ನೆಲ’ ಅನ್ನುವವರೆಗೆ ಕೆಳಗಿನವನು ಕೈ ಸಡಿಲಿಸುವ ಹಾಗಿಲ್ಲ, ತಿರುಗಿ ನೋಡುವ ಹಾಗಿಲ್ಲ. ಮೇಲಿನವನು ಹೇಳದೆ ಕೇಳದೆ ಎಳೆಯುವ ಹಾಗಿಲ್ಲ. ಅಪ್ಪನ ಕಾಲದಿಂದ ನಮ್ಮ ಕೆಲಸದ ಕಟ್ಟಳೆ ಇದು.

ನಿನ್ನೆ ತಿರುವಿನ ಹತ್ತಿರ ಬೀರು ಇದ್ದಕ್ಕಿದ್ದ ಹಾಗೆ ಹಗುರವಾಯಿತು. ಜಾರಿದ್ದಲ್ಲ, ಭಾರ ಬಿದ್ದದ್ದಲ್ಲ, ಹಗುರವಾದದ್ದು. ಮೇಲಿನಿಂದ ಯಾರೋ ಕಿತ್ತುಕೊಂಡ ಹಾಗೆ. ಮೈಯೆಲ್ಲ ಬಿಗಿ ಹಿಡಿದು ನಿಂತವನ ಕೈಯಿಂದ ಭಾರ ಕಿತ್ತುಕೊಂಡರೆ ಏನಾಗುತ್ತದೆ? ನಾನು ಒಂದು ಕಡೆ, ನನ್ನ ಸೊಂಟ ಇನ್ನೊಂದು ಕಡೆ ಹೋಯಿತು. ಚಳಕ್ ಅಂದದ್ದು ನನಗೇ ಕೇಳಿಸಿತು. ಆಮೇಲೆ ನನ್ನನ್ನೇ ಬೀರುವಿನ ಹಾಗೆ ಇಬ್ಬರು ಹಿಡಿದು ಇಳಿಸಿದರು. ಬೀರುವಿಗೆ ಒಂದು ಗೀರೂ ಬಿದ್ದಿಲ್ಲವಂತೆ.

ತಮ್ಮ ಎಳೆದ. ಯಾಕೆ ಎಳೆದ? ಇಷ್ಟು ಗೊತ್ತಾಗಬೇಕು ನನಗೆ.

ಮಾರ್ಚ್ 5, ಬುಧವಾರ

ಕೆಮ್ಮಿದರೆ ಪ್ರಾಣ ಹೋಗುತ್ತದೆ. ಮಗ್ಗುಲು ಬದಲಿಸಲು ಮೊದಲೇ ಯೋಚನೆ ಮಾಡಿ, ದೇವರನ್ನು ನೆನೆದು, ಹೊರಳಬೇಕು. ಬಚ್ಚಲಿಗೆ ಹೋಗಲು ಇವಳ ಹೆಗಲು ಬೇಕಾಯಿತು. ಕಾಲಿಗೆ ಚಪ್ಪಲಿ ಅವಳೇ ಹಾಕಿದಳು. ನಾಚಿಕೆಯಾಯಿತು.

ಸಂಜೆ ತಮ್ಮ ಕಿತ್ತಳೆಹಣ್ಣು ಹಿಡಿದುಕೊಂಡು ಬಂದ. ಬಾಗಿಲಲ್ಲೇ ನಿಂತ, ಕೂರಲಿಲ್ಲ.

‘ಹೇಗಿದೆ ಅಣ್ಣ?’

‘ನೀನೇ ಹೇಳ್ಬೇಕು’ ಅಂದೆ.

ಹಣ್ಣಿನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಬಲಗೈಯ ಮಣಿಕಟ್ಟಿಗೆ ಬಟ್ಟೆ ಸುತ್ತಿದ್ದ. ಏನದು ಅಂತ ಕೇಳಬೇಕೆನಿಸಿತು, ಕೇಳಲಿಲ್ಲ. ಹೋಗುವಾಗ, ‘ಆತುರ ಬೇಡ. ಒಂದು ತಿಂಗಳು ಆರಾಮಾಗಿರು, ಕೆಲಸ ನಾನು ನೋಡ್ಕೋತೀನಿ’ ಅಂದ.

ಒಂದು ತಿಂಗಳು ಯಾಕೆ? ಬೇಕಾದವನಿಗೆ ಬೇಗ ಬಾ ಅನ್ನುತ್ತಾರೆ. ಬೇಡವಾದವನಿಗೆ ಆರಾಮಾಗಿರು ಅನ್ನುತ್ತಾರೆ.

ಹಣ್ಣು ಹುಳಿ.

ಮಾರ್ಚ್ 7, ಶುಕ್ರವಾರ

ಇವಳು ಆಟೋ ಕರೆಸಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ತಟ್ಟಿ, ಕಾಲೆತ್ತಿಸಿ, ಬೆರಳಿನಿಂದ ಪಾದ ಗೀಚಿ ನೋಡಿ, ‘ಮೂಳೆಗೆ ಏನೂ ಆಗಿಲ್ಲ, ನರಕ್ಕೂ ಆಗಿಲ್ಲ, ಹಿಡಿದುಕೊಂಡಿದೆ ಅಷ್ಟೆ’ ಅಂದರು. ಅಷ್ಟೆ ಅನ್ನುವುದು ಅವರಿಗೆ ಸುಲಭ. ಎಕ್ಸರೇ ತೆಗೆಯಿರಿ ಅಂದರೆ ಬೇಕಿಲ್ಲ ಅಂದರು. ಏನನ್ನೋ ಮುಚ್ಚಿಡುತ್ತಿದ್ದಾರೆ. ಫಿಸಿಯೋಥೆರಪಿಗೆ ಕಳಿಸಿದರು.

ಅಲ್ಲಿ ಒಬ್ಬ ಮೇಡಂ. ಎತ್ತರದ ದನಿ, ಚಿಕ್ಕ ಕೈ. ನನ್ನಂಥ ಹೊಸ ನೋವಿನವರಿಗೆ ಅವರು ಎರಡು ಥರದ ಚಿಕಿತ್ಸೆ ಕೊಟ್ಟು, ಯಾವುದರಲ್ಲಿ ಬೇಗ ವಾಸಿಯಾಗುತ್ತದೆ ಅಂತ ಹೋಲಿಸಿ ನೋಡುತ್ತಿದ್ದಾರಂತೆ. ಒಂದು, ಪರದೆ ಹಾಕಿದ ಕೋಣೆ. ಅಲ್ಲಿ ಬೋರಲು ಮಲಗಿಸಿ ಸೊಂಟಕ್ಕೆ ಬಿಸಿ ಶಾಖ ಕೊಟ್ಟು, ವೈರು ಅಂಟಿಸಿ ಜುಮುಜುಮು ಅನ್ನುವ ಮಿಷನ್ ಹಾಕುತ್ತಾರೆ. ಇನ್ನೊಂದು, ಚಾಪೆ ಹಾಸಿದ ಹಜಾರ. ಅಲ್ಲಿ ಮೇಡಂ ಬೆನ್ನನ್ನು ಸ್ವಲ್ಪ ಹೊತ್ತು ಒತ್ತಿ, ಕಸರತ್ತು ಕಲಿಸಿ, ಹಾಸಿಗೆ ಬಿಟ್ಟು ಓಡಾಡಿ ಅಂತ ಮನೆಗೆ ಅಟ್ಟುತ್ತಾರೆ.

‘ನನಗೆ ಮಿಷನ್ನೇ ಇರಲಿ’ ಅಂದೆ.

‘ಹಾಗೆ ಆರಿಸೋ ಹಾಗಿಲ್ಲ. ಪ್ರತಿಯೊಬ್ಬರಿಗೂ ಒಂದು ಮುಚ್ಚಿದ ಲಕೋಟೆ ಒಡೀತೀವಿ, ಅದರಲ್ಲಿ ಏನು ಬರುತ್ತೋ ಅದು. ಇಷ್ಟ ಇಲ್ಲದಿದ್ರೆ ಸೇರೋದೇ ಬೇಡ, ಮಾಮೂಲಿ ಚಿಕಿತ್ಸೆ ಇದ್ದೇ ಇದೆ.’

ಸೇರಿದೆ. ನನ್ನ ಮುಂದೆ ಒಬ್ಬ ಟೈಲರ್ ನಿಂತಿದ್ದ, ನನ್ನ ವಯಸ್ಸಿನವನೇ, ಇಸ್ತ್ರಿ ಮಾಡಿದ ಶರಟು. ಅವನ ಲಕೋಟೆಯಲ್ಲಿ ಮಿಷನ್ ಬಂತು. ನನ್ನದರಲ್ಲಿ ಚಾಪೆ ಬಂತು. ಇಸ್ತ್ರಿ ಮಾಡಿದವರಿಗೆ ಮಿಷನ್ನು, ಹೊರೆ ಹೊರುವವನಿಗೆ ಕಸರತ್ತು! ನನ್ನ ಲಕೋಟೆಯ ಅಂಟು ಒಂದು ಮೂಲೆಯಲ್ಲಿ ಬಿಟ್ಟಿತ್ತು. ಅದನ್ನು ಗಮನಿಸಿದವನು ನಾನೊಬ್ಬನೇ.

‘ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು?’ ಅಂದರು ಮೇಡಂ.

ಒಂಬತ್ತು ಅಂದೆ. ಹತ್ತು ಅಂದರೆ ನಾಟಕ ಅನ್ನುತ್ತಾರೆ, ಎಂಟು ಅಂದರೆ ಕಡೆಗಣಿಸುತ್ತಾರೆ.

‘ಹಾಗಾದ್ರೆ ಎದ್ದೇಳಿ’ ಅಂದರು.

ಒಂಬತ್ತು ಅಂದವನಿಗೆ ಎದ್ದೇಳಿ ಅನ್ನುವ ಹೆಂಗಸು! ಇವತ್ತಿಂದ ಅವರ ಹೆಸರು ಎದ್ದೇಳಿ ಮೇಡಂ.

ಮಾರ್ಚ್ 8, ಶನಿವಾರ

ಮಲಗಿ ಮೊಣಕಾಲು ಎದೆಗೆ ತಂದುಕೊಳ್ಳುವುದು. ಮೊಣಕಾಲು ಮಡಚಿ ಸೊಂಟವನ್ನು ಅತ್ತ ಇತ್ತ ವಾಲಿಸುವುದು. ಬೆಕ್ಕಿನ ಹಾಗೆ ಬೆನ್ನು ಬಾಗಿಸುವುದು. ಇದಕ್ಕೆ ಆಸ್ಪತ್ರೆ ಬೇಕೆ? ಬೆಕ್ಕು ಸಾಕು.

ನೋವು ಹಾಗೇ ಇದೆ.

ಮಾರ್ಚ್ 10, ಸೋಮವಾರ

ಆಸ್ಪತ್ರೆಯ ಬೆಂಚಿನಲ್ಲಿ ಟೈಲರ್ ಸಿಕ್ಕಿದ. ಒಳ್ಳೆ ಮಾತುಗಾರ. ‘ಇಡೀ ಜನ್ಮ ನಾನು ಮಿಷನ್ ತುಳಿದೆ, ಈಗ ಮಿಷನ್ ನನ್ನನ್ನ ತುಳೀತಿದೆ’ ಅಂದ. ನಗು ಬಂದು ಸೊಂಟ ಹಿಡಿದುಕೊಂಡೆ.

ಮಿಷನ್ ಹೇಗಿದೆ ಅಂತ ಕೇಳಿದೆ. ಶಾಖ ಇಟ್ಟಾಗ ಸ್ವರ್ಗ, ಮನೆ ತಲುಪುವಷ್ಟರಲ್ಲಿ ಮತ್ತೆ ಅದೇ ಪಾಡು ಅಂದ. ನನಗೇನು ಮಾಡುತ್ತಾರೆ ಅಂತ ಅವನು ಕೇಳಿದ. ಹೇಳಿದೆ. ಮುಖ ಸಣ್ಣದಾಯಿತು ಅವನದು. ‘ನಿಮ್ಮ ಬೆನ್ನು ಕೈಯಿಂದ ಒತ್ತಾರೆ. ನನ್ನನ್ನ ಮನುಷ್ಯರು ಯಾರೂ ಮುಟ್ಟೋದೇ ಇಲ್ಲ, ವೈರು ಅಂಟಿಸಿ ಹೋಗ್ತಾರೆ. ನನಗೇನೋ ಇದು ಸುಮ್ಮನೆ ಕಣ್ಣೊರೆಸೋ ಮಿಷನ್ ಅನ್ಸುತ್ತೆ’ ಅಂದ.

ನಾನು ಅವನದು ಅಸಲಿ ಅಂದುಕೊಂಡಿದ್ದೆ, ಅವನು ನನ್ನದು ಅಸಲಿ ಅಂದುಕೊಂಡಿದ್ದಾನೆ. ಇಬ್ಬರಿಗೂ ಟೋಪಿ ಹಾಕಿ ಮೂರನೆಯವನಿಗೆ ಎಲ್ಲೋ ನಿಜವಾದ ಚಿಕಿತ್ಸೆ ಕೊಡುತ್ತಿರಬಹುದೆ?

ನೋವು ಎಂಟೂವರೆ ಅಂದೆ. ಮೇಡಂ ಅರ್ಧ ಬರೆದುಕೊಳ್ಳುವುದಿಲ್ಲವಂತೆ.

ಮಾರ್ಚ್ 12, ಬುಧವಾರ

ಸಿಕ್ಕಿತು ಸುಳಿವು. ಇವಳು ಅಂಗಡಿಯಿಂದ ಬಂದವಳು ಮಾತಿನ ಮಧ್ಯೆ ಹೇಳಿದಳು: ತಮ್ಮನ ಹೆಂಡತಿಯ ಅಣ್ಣ ಕೆಲಸಕ್ಕೆ ಸೇರಿಕೊಂಡಿದ್ದಾನಂತೆ. ಅವನನ್ನು ಮದುವೆಯಲ್ಲಿ ನೋಡಿದ್ದೇನೆ. ಬಾಗಿಲಿಗೆ ತಲೆ ತಗುಲುವಷ್ಟು ಉದ್ದ, ಮಾತಿಲ್ಲ ಕಥೆಯಿಲ್ಲ, ನಿಂತಲ್ಲೇ ನಿಂತಿರುತ್ತಾನೆ. ಕಂಬ.

ಈಗ ಎಲ್ಲ ಸರಿಹೋಯಿತು. ಎಳೆದದ್ದು ಯಾಕೆ, ಒಂದು ತಿಂಗಳು ಯಾಕೆ, ಬಾಗಿಲಲ್ಲೇ ನಿಂತದ್ದು ಯಾಕೆ. ಕಂಬನನ್ನು ನನ್ನ ಜಾಗದಲ್ಲಿ ನಿಲ್ಲಿಸುವುದಕ್ಕೆ. ನಮ್ಮ ಗಾಡಿಯ ಪಕ್ಕದಲ್ಲಿ ದೊಡ್ಡದಾಗಿ ‘ಅಣ್ಣ ತಮ್ಮ’ ಅಂತ ಬರೆಸಿದ್ದೇವೆ. ಅದನ್ನು ಇನ್ನು ಏನಂತ ಬರೆಸುತ್ತಾನೆ? ಭಾವ ಭಾವಮೈದುನ?

ಊಟ ಸೇರಲಿಲ್ಲ.

‘ಸುಮ್ಮನೆ ಏನೇನೋ ಕಲ್ಪಿಸ್ಕೋಬೇಡಿ’ ಅಂದಳು ಇವಳು. ಅವಳಿಗೆ ಮೊದಲೇ ಗೊತ್ತಿತ್ತೋ ಏನೋ.

ಮಾರ್ಚ್ 14, ಶುಕ್ರವಾರ

ಬೆಳಿಗ್ಗೆ ರಸ್ತೆಯ ತಿರುವಿನವರೆಗೆ ಹೋಗಿ ಬಂದೆ. ಅಲ್ಲಿಂದ ನಮ್ಮ ಗಾಡಿ ಹೊರಡುವುದು ಕಾಣುತ್ತದೆ. ಕಂಬ ಮುಂದಿನ ಸೀಟಿನಲ್ಲಿ ಕೂತಿದ್ದ. ನನ್ನ ಸೀಟು. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು, ಅಷ್ಟರಮಟ್ಟಿಗೆ ಸಮಾಧಾನ.

ತಮ್ಮ ಈ ಕಡೆ ನೋಡಿದ. ಒಂದು ಸ್ಕೂಟರಿನ ಹಿಂದೆ ಬಗ್ಗಿ ಕೂತು ಬೂಟಿನ ದಾರ ಕಟ್ಟುವವನ ಹಾಗೆ ಮಾಡಿದೆ. ನೋಡಲಿಲ್ಲ ಅನಿಸುತ್ತದೆ.

ಆಸ್ಪತ್ರೆಯಲ್ಲಿ ಮೇಡಂ, ‘ಓಡಾಡ್ತಿದೀರಾ?’ ಅಂತ ಕೇಳಿದರು. ಎಲ್ಲಿ ಮೇಡಂ, ಹಾಸಿಗೆ ಬಿಟ್ಟು ಏಳೋಕಾಗ್ತಿಲ್ಲ ಅಂದೆ. ಅವರು ನನ್ನ ಬೂಟು ನೋಡಿದರು. ಬೂಟಿಗೆ ಕೆಸರು ಮೆತ್ತಿತ್ತು. ನಕ್ಕು, ನೋವು ಎಷ್ಟು ಅಂದರು. ಎಂಟು ಅಂದೆ. ಇವರ ನಗುವಿನಲ್ಲೂ ಏನೋ ಇದೆ.

ಮಾರ್ಚ್ 16, ಭಾನುವಾರ

ಗಾಡಿ ನಿಲ್ಲಿಸುವ ಶೆಡ್ಡಿನವರೆಗೆ ಹೋಗಿದ್ದೆ. ಬೀಗ ಹಾಕಿತ್ತು. ಸಂದಿಯಲ್ಲಿ ಬಗ್ಗಿ ನೋಡಿದೆ. ಗಾಡಿ ಕಂಡಿತು, ಹಗ್ಗ ಕಂಡಿತು, ನನ್ನ ಹಳೇ ಕೈಗವಸು ಮೊಳೆಗೆ ನೇತುಹಾಕಿದ್ದು ಕಂಡಿತು. ಕಂಬ ಅದನ್ನು ಹಾಕಿಕೊಂಡ ಗುರುತು ಕಾಣಲಿಲ್ಲ, ಆದರೆ ಇಷ್ಟು ದೂರದಿಂದ ಏನು ಹೇಳುವುದು.

ಮಾರ್ಚ್ 18, ಮಂಗಳವಾರ

ಟೈಲರ್ ಜೊತೆ ಉದ್ಯಾನದಲ್ಲಿ ಗುಟ್ಟಾಗಿ ಸೇರಿದೆ. ಕಳ್ಳಸಾಗಣೆ ಮಾಡುವವರ ಹಾಗೆ ಅತ್ತ ಇತ್ತ ನೋಡಿ, ನಾವಿಬ್ಬರೂ ಚಿಕಿತ್ಸೆ ಬದಲಾಯಿಸಿಕೊಂಡೆವು. ನಾನು ಅವನಿಗೆ ಹುಲ್ಲಿನ ಮೇಲೆ ಕಸರತ್ತು ಕಲಿಸಿದೆ. ಅವನು ನನಗೆ ಬಿಸಿನೀರಿನ ರಬ್ಬರ್ ಚೀಲ ಕೊಟ್ಟ, ಟವೆಲ್ಲನ್ನು ಯಾವ ಮಡಿಕೆಯಲ್ಲಿ ಸುತ್ತಬೇಕು, ಎಲ್ಲಿ ಇಡಬೇಕು ಅಂತ ಅಳತೆ ತೆಗೆಯುವವನ ಹಾಗೆ ತೋರಿಸಿದ. ಮಿಷನ್ನಿಗೆ ಬದಲಿ ಸಿಗಲಿಲ್ಲ. ಟಾರ್ಚಿನ ಬ್ಯಾಟರಿ ಪ್ರಯತ್ನಿಸಿದರೆ ಹೇಗೆ ಅಂದ. ಬೇಡಪ್ಪ ಅಂದೆ.

ಅವನಿಗೆ ಬೆಕ್ಕಿನ ಭಂಗಿ ಬರುವುದೇ ಇಲ್ಲ. ಪಕ್ಕದಲ್ಲಿ ನಾನೇ ಮತ್ತೆ ಮತ್ತೆ ಮಾಡಿ ತೋರಿಸಬೇಕಾಯಿತು. ಕಲಿಸುವುದು ಎಷ್ಟು ಕಷ್ಟ!

‘ನಿಮ್ಮ ತಮ್ಮನ್ನ ನೇರವಾಗಿ ಕೇಳಿಬಿಡಿ’ ಅಂದ ಹೊರಡುವಾಗ.

‘ಕೇಳಿದ್ರೆ ನಿಜ ಹೇಳ್ತಾನಾ?’

‘ಹೇಳದೆ ಇದ್ರೆ ಆಗ ಅನುಮಾನ ಪಡಿ. ನೀವು ಬಟ್ಟೆ ತರೋಕೆ ಮುಂಚೆನೇ ಹೊಲಿಗೆ ಹಾಕ್ತಿದೀರಿ.’

ಮಾತು ಚೆನ್ನಾಗಿತ್ತು. ಅವನ ಮೇಲೂ ಒಂದು ಕಣ್ಣಿಟ್ಟಿರಬೇಕು.

ಮಾರ್ಚ್ 19, ಬುಧವಾರ

ಸಿಕ್ಕಿಬಿದ್ದೆವು. ಟೈಲರ್ ಮಹಾಶಯ ಪರದೆಯ ಕೋಣೆಯಲ್ಲಿ ವೈರು ಅಂಟಿಸಿದ್ದಂತೆಯೇ ಮಂಚದ ಮೇಲೆ ಬೆಕ್ಕಾಗಲು ಹೋಗಿದ್ದಾನೆ. ವೈರು ಕಿತ್ತುಬಂದು ಮಿಷನ್ ಕೀ ಕೀ ಅಂತ ಬಾಯಿ ಬಡಿದುಕೊಂಡಿದೆ. ಯಾರು ಕಲಿಸಿದ್ದು ಅಂದ ತಕ್ಷಣ ನನ್ನ ಕಡೆ ಬೆರಳು ತೋರಿಸಿದ. ಊರಿನ ಬಟ್ಟೆಗೆಲ್ಲ ಹೊಲಿಗೆ ಹಾಕುವವನು ತನ್ನ ಬಾಯಿಗೆ ಹಾಕಿಕೊಳ್ಳಲಿಲ್ಲ. ಮೇಡಂ ನನ್ನ ಶರಟು ಎತ್ತಿ ನೋಡಿದರು. ಸೊಂಟದ ಮೇಲೆ ಬಿಸಿನೀರಿನ ಚೀಲದ ಕೆಂಪು ಗುರುತು.

‘ಯಾಕೆ ಹೀಗೆ ಮಾಡಿದ್ರಿ?’ ಕೋಪಕ್ಕಿಂತ ಬೇಜಾರಿತ್ತು ದನಿಯಲ್ಲಿ. ‘ಯಾವುದರಿಂದ ಏನಾಯ್ತು ಅಂತ ನಿಮ್ಮಿಬ್ಬರ ವಿಷಯದಲ್ಲಿ ನಾನು ಈಗ ಹೇಗೆ ಹೇಳಲಿ?’

‘ಒಳ್ಳೇದನ್ನ ಅವನಿಗೆ ಕೊಟ್ಟು ನನಗೆ ಕೆಳದರ್ಜೆಯದು ಕೊಟ್ರೆ ಮತ್ತೇನು ಮಾಡೋದು?’ ಅಂದೇಬಿಟ್ಟೆ.

ಮೇಡಂ ಸ್ಟೂಲು ಎಳೆದುಕೊಂಡು ಕೂತರು. ‘ಯಾವುದು ಒಳ್ಳೇದು ಅಂತ ಗೊತ್ತಿದ್ದಿದ್ರೆ ನಾನ್ಯಾಕೆ ಹೋಲಿಸ್ತಿದ್ದೆ? ನನಗೂ ಗೊತ್ತಿಲ್ಲ ಯಜಮಾನರೇ. ಗೊತ್ತಿಲ್ಲದೆ ಇರೋದಕ್ಕೇ ಲಕೋಟೆ.’

ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವವರನ್ನು ಹೇಗೆ ಅನುಮಾನಿಸುವುದು ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಆಟೋ ಸಿಗಲಿಲ್ಲ, ನಡೆದೇ ಬಂದೆ.

ನಮ್ಮಿಬ್ಬರನ್ನೂ ಹೋಲಿಕೆಯಿಂದ ತೆಗೆದುಹಾಕಿದ್ದಾರೆ. ಚಿಕಿತ್ಸೆ ಮುಂದುವರಿಯುತ್ತದಂತೆ, ಇಬ್ಬರಿಗೂ ಎರಡೂ.

ಮಾರ್ಚ್ 22, ಶನಿವಾರ

ಇದನ್ನು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡು ಬರೆಯುತ್ತಿದ್ದೇನೆ.

ಇವತ್ತು ಅವರು ನೀರಿನ ಟ್ಯಾಂಕಿನ ಹಿಂದಿನ ಕಟ್ಟಡದಲ್ಲಿ ಮನೆ ಖಾಲಿ ಮಾಡಿಸುತ್ತಾರೆ ಅಂತ ಗೊತ್ತಾಯಿತು. ಹೋದೆ. ಗಾಡಿ ಹೊರಗೆ ನಿಂತಿತ್ತು. ಅದರ ಪಕ್ಕದ ಬಣ್ಣ ಕೆರೆದುಹೋಗಿದೆ. ‘ಅಣ್ಣ’ ಇಲ್ಲ. ‘ತಮ್ಮ’ ಮಾತ್ರ ಉಳಿದಿದೆ.

ಅಷ್ಟು ಬೇಗ! ನಾನಿನ್ನೂ ಬದುಕಿದ್ದೇನೆ.

ಎದುರಿನ ಕಟ್ಟಡದ ಮೆಟ್ಟಿಲು ಹತ್ತಿ ಕಿಟಕಿಯಿಂದ ನೋಡಿದೆ. ಅಲ್ಲಿಂದ ಅವರ ಮೆಟ್ಟಿಲು ಚೆನ್ನಾಗಿ ಕಾಣುತ್ತದೆ. ಬಟ್ಟೆ ಬೀರು ಇಳಿಸುತ್ತಿದ್ದರು. ಮೇಲಿನ ತುದಿಯಲ್ಲಿ ಕಂಬ. ಕೆಳಗಿನ ತುದಿಯಲ್ಲಿ ತಮ್ಮ.

ಇದು ನಾನು ಅಂದುಕೊಂಡ ಹಾಗಿರಲಿಲ್ಲ. ಕಂಬ ನನ್ನ ಜಾಗದಲ್ಲಿ ಇರಬೇಕಿತ್ತಲ್ಲ. ತಮ್ಮ ಕೆಳಗೆ ಒಂಚೂರೂ ಸರಿಯಾಗಿ ಇಳಿಯುತ್ತಿರಲಿಲ್ಲ. ಹಿಮ್ಮಡಿಯಿಂದ ಮೆಟ್ಟಿಲು ಹುಡುಕುತ್ತಿದ್ದ, ಕಾಲ್ಬೆರಳ ತುದಿಯಿಂದ ಹುಡುಕಬೇಕು. ಕೆನ್ನೆ ಆನಿಸದೆ ಕತ್ತೆತ್ತಿ ಹಿಡಿದಿದ್ದ. ‘ಆನಿಸೋ, ಕೆನ್ನೆ ಆನಿಸೋ!’ ಅಂತ ಕಿಟಕಿಯಲ್ಲಿ ನಿಂತು ಗೊಣಗಿದೆ. ಅಲ್ಲಿ ಬಟ್ಟೆ ಒಣಗಿಸುತ್ತಿದ್ದ ಹೆಂಗಸು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನನ್ನ ಜಾಗವನ್ನೂ ತಾನೇ ಕಲಿಯುತ್ತಿದ್ದಾನೆ. ಎರಡೂ ತುದಿ ಅವನದೇ ಆಗಬೇಕು. ಇನ್ನು ತಡೆದುಕೊಳ್ಳುವುದಿಲ್ಲ, ನಾಳೆ ಕೇಳಿಬಿಡುತ್ತೇನೆ.

ಮಾರ್ಚ್ 23, ಭಾನುವಾರ

ಹೋದೆ. ತಮ್ಮನ ಹೆಂಡತಿ ಬಾಗಿಲು ತೆಗೆದಳು. ‘ಬನ್ನಿ ಭಾವ, ಅಷ್ಟು ದೂರ ನಡ್ಕೊಂಡೇ ಬಂದ್ರಾ?’ ಅಂತ ಕಣ್ಣರಳಿಸಿದಳು. ತಮ್ಮ ಮೊಣಕಾಲಿನ ಕೆಳಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದ. ಮೆಟ್ಟಿಲ ಅಂಚು ಬಡಿದ ಗಾಯಗಳು, ಎರಡು ಕಾಲಿಗೂ.

‘ಗಾಡಿ ಮೇಲಿನ ಹೆಸರು ಯಾಕೆ ಕೆರೆಸಿದೆ?’

‘ಕೆರೆಸಿದ್ದಲ್ಲ ಅಣ್ಣ, ಇವಳ ಅಣ್ಣ ಹಿಂದೆ ತಗೊಳ್ಳುವಾಗ ಗೇಟಿಗೆ ಉಜ್ಜಿದ. ನಾಳೆ ಪೇಂಟರ್ ಬರ್ತಾನೆ.’

‘ಸರಿಯಾಗಿ ನನ್ನ ಹೆಸರಿನ ಕಡೆಗೇ ಉಜ್ಜಬೇಕಾ?’

‘ಗೇಟಿಗೆ ಓದೋಕೆ ಬರುತ್ತಾ?’

ಒಳಗೆ ತಮ್ಮನ ಹೆಂಡತಿ ಕಿಸಕ್ಕನೆ ನಕ್ಕಳು. ನಾನು ನಗಲಿಲ್ಲ.

‘ಮತ್ತೆ ಕೆಳಗಿನ ತುದಿ ನೀನ್ಯಾಕೆ ಹಿಡೀತಿದೀಯ? ಬರಲ್ಲ ನಿನಗೆ. ಹಿಮ್ಮಡಿ ಊರ್ತೀಯ. ಅಷ್ಟುದ್ದ ಇದಾನಲ್ಲ ಕಂಬ, ಅವನನ್ನ ನಿಲ್ಲಿಸು.’

‘ನೀನೆಲ್ಲಿ ನೋಡಿದೆ?’

‘ಯಾರೋ ಹೇಳಿದ್ರು.’

ತಮ್ಮ ಮುಲಾಮಿನ ಮುಚ್ಚಳ ತಿರುಗಿಸಿ ಮುಚ್ಚಿದ. ಆಮೇಲೆ ಹೇಳಿದ: ‘ಅವನನ್ನ ಅಲ್ಲಿ ನಿಲ್ಲಿಸಿದ್ರೆ ಕಲಿತುಬಿಡ್ತಾನೆ. ಬಲ ಇದೆ ಅವನಿಗೆ. ಕಲಿತ ಮೇಲೆ ಆ ಜಾಗ ಅವನದಾಗಿಬಿಡುತ್ತೆ. ನಾನು ಎಷ್ಟು ದಿನ ನಿಂತ್ರೂ ನಂದಾಗಲ್ಲ. ಅದಕ್ಕೇ ನಾನು ನಿಲ್ತಿದೀನಿ.’

ಆದರೆ ಒಳ್ಳೆ ಮಾತು ಕೇಳಿದ ತಕ್ಷಣ ಕರಗುವ ಜಾತಿಯಲ್ಲ ನಾನು. ಬಂದ ಪ್ರಶ್ನೆ ಹಾಗೇ ಉಳಿದಿತ್ತು.

‘ಹಾಗಾದ್ರೆ ಆವತ್ತು ಯಾಕೆ ಎಳೆದೆ?’

ಅವನ ಮುಖ ಕೆಂಪಾಯಿತು. ಇಷ್ಟು ವರ್ಷದಲ್ಲಿ ನನ್ನ ಮೇಲೆ ದನಿ ಎತ್ತಿದವನಲ್ಲ, ಇವತ್ತು ಎತ್ತಿದ. ‘ಅದನ್ನ ಕೇಳೋಕೆ ಇಷ್ಟು ದಿನ ಬೇಕಾಯ್ತಾ ನಿನಗೆ? ಬೇಕಂತ ಎಳೆದೆ ಅಂದ್ಕೊಂಡಿದೀಯಲ್ಲ? ಅಂದ್ಕೋ. ನಿನ್ನ ಮುಖ ನಿನಗೆ ಕಂಡಿದ್ರೆ ಹೀಗೆ ಕೇಳ್ತಿರ್ಲಿಲ್ಲ!’

ಎದ್ದು ಒಳಗೆ ಹೋದ. ನಾನೂ ಎದ್ದು ಬಂದೆ.

ಮನೆಗೆ ಬಂದು ಕನ್ನಡಿ ನೋಡಿಕೊಂಡೆ. ನನ್ನ ಮುಖಕ್ಕೆ ಏನಾಗಿದೆ? ಅಪ್ಪನ ಮೂಗು, ಎರಡು ದಿನದ ಗಡ್ಡ. ಬೈಗುಳವೋ, ಬೇರೆ ಏನಾದರೂ ಅರ್ಥವಿದೆಯೋ ತಿಳಿಯಲಿಲ್ಲ.

ಮಾರ್ಚ್ 25, ಮಂಗಳವಾರ

ತಮ್ಮ ಬರಲಿಲ್ಲ. ನಾನೂ ಹೋಗಲಿಲ್ಲ. ಬೇಸರ.

ಮಾರ್ಚ್ 28, ಶುಕ್ರವಾರ

ಎದ್ದೇಳಿ ಮೇಡಂ ನನ್ನನ್ನು ಬಗ್ಗಿಸಿ, ತಿರುಗಿಸಿ, ಮರಳಿನ ಚೀಲ ಎತ್ತಿಸಿ ನೋಡಿದರು.

‘ನೋವು ಎಷ್ಟು?’

‘ಐದು.’

‘ಅಭ್ಯಾಸಬಲದಿಂದ ಹೇಳಬೇಡಿ. ನಿಜ ಹೇಳಿ.’

ಯೋಚಿಸಿದೆ. ಬೆಳಿಗ್ಗೆ ಎದ್ದಾಗ ಸ್ವಲ್ಪ ಹಿಡಿಯುತ್ತದೆ. ಬೇರೆ ಹೊತ್ತಿನಲ್ಲಿ ಅದರ ಕಡೆ ಗಮನ ಕೊಡಲು ನನಗೆ ಪುರುಸೊತ್ತು ಎಲ್ಲಿತ್ತು? ‘ಒಂದು ಅಂತ ಬರ್ಕೊಳ್ಳಿ’ ಅಂದೆ. ಬರೆದುಕೊಳ್ಳುವಾಗ ಅವರ ಪೆನ್ನು ಬೇಗ ಓಡಿತು. ಕಡಿಮೆ ಹೇಳಿ ತಪ್ಪು ಮಾಡಿದೆನೋ ಏನೋ.

‘ಇನ್ನು ಕೆಲಸಕ್ಕೆ ಹೋಗಬಹುದು. ಸ್ವಲ್ಪ ಸ್ವಲ್ಪವಾಗಿ. ಏನು ಕೆಲಸ ಅಂತ ತೋರಿಸಿ’ ಅಂದರು. ಟೈಲರನ್ನು ಕರೆದು ಬೆಂಚಿನ ಒಂದು ತುದಿ ಅವನಿಗೆ ಹಿಡಿಸಿ ತೋರಿಸಿದೆ. ಯಾರು ಮೇಲೆ, ಯಾರು ಕೆಳಗೆ, ಯಾರು ಕೂಗುವುದು, ಎಲ್ಲ ಹೇಳಿದೆ.

‘ಕೆಲವು ವಾರ ಮೇಲಿನ ತುದಿ ಹಿಡಿಯಿರಿ’ ಅಂದರು. ‘ಭಾರ ಕಡಿಮೆ ಅಲ್ವಾ ಅಲ್ಲಿ?’

ಮೇಲಿನ ತುದಿ ನನಗೆ ಬರುವುದಿಲ್ಲ ಅಂದೆ. ಎಂದೂ ಹಿಡಿದಿಲ್ಲ. ಅಪ್ಪ ಹೋದ ದಿನದಿಂದ ಅದು ತಮ್ಮನದು.

ಹೊರಡುವಾಗ ಕೇಳಿದೆ: ‘ಕೊನೆಗೂ ಯಾವುದು ಗೆದ್ದಿತು? ಮಿಷನ್ನೋ, ಚಾಪೆಯೋ?’

‘ಎಣಿಕೆ ಮುಗಿದಿಲ್ಲ. ನೀವಿಬ್ಬರಂತೂ ಲೆಕ್ಕಕ್ಕಿಲ್ಲ’ ಅಂತ ನಕ್ಕರು. ‘ಆದ್ರೆ ನೀವು ಬೇಗ ಎದ್ರಿ. ಹಾಸಿಗೆಯಿಂದ ಏಳೋಕಾಗಲ್ಲ ಅಂತ ಹೇಳ್ತಾ ಹೇಳ್ತಾ ಊರೆಲ್ಲ ಸುತ್ತಿದ್ರಲ್ಲ, ಅದೂ ಸ್ವಲ್ಪ ಕೆಲಸ ಮಾಡಿರಬೇಕು.’

ಅವರಿಗೆ ಯಾರು ಹೇಳಿದರು? ಇವಳೇ ಇರಬೇಕು. ಇಷ್ಟು ದಿನ ಬೂಟಿನ ಕೆಸರು ತೊಳೆದಿಡುತ್ತಿದ್ದವಳು ಇವಳೇ ಅಲ್ಲವೆ.

ಏಪ್ರಿಲ್ 3, ಗುರುವಾರ

ಬೆಳಿಗ್ಗೆ ಗಾಡಿ ಮನೆ ಮುಂದೆ ಬಂದು ನಿಂತಿತು. ಕಂಬ ಇರಲಿಲ್ಲ. ‘ಅವನಿಗೆ ಏನೋ ಮನೆ ಕೆಲಸವಂತೆ’ ಅಂದ ತಮ್ಮ, ಸ್ಟೀರಿಂಗ್ ನೋಡುತ್ತ. ನಂಬಲಿಲ್ಲ. ಇವನೇ ರಜೆ ಕೊಟ್ಟಿದ್ದಾನೆ. ಗಾಡಿಯ ಪಕ್ಕದಲ್ಲಿ ‘ಅಣ್ಣ’ ಮತ್ತೆ ಬಂದಿದೆ, ಬಣ್ಣ ಹೊಸದಾದ್ದರಿಂದ ‘ತಮ್ಮ’ನಿಗಿಂತ ಎದ್ದು ಕಾಣುತ್ತದೆ. ಹತ್ತಿ ಕೂತೆ. ಸೀಟು ಹಿಂದಕ್ಕೆ ಸರಿಸಿಬಿಟ್ಟಿದ್ದಾನೆ ಆ ಕಂಬ. ಮುಂದಕ್ಕೆ ಎಳೆದುಕೊಂಡೆ.

ಎರಡನೇ ಮಹಡಿಯಿಂದ ಪುಸ್ತಕದ ಬೀರು. ಪುಸ್ತಕ ಖಾಲಿ ಮಾಡಿದ್ದರು, ಮರ ಮಾತ್ರ. ನಾನು ಮೇಲೆ, ಅವನು ಕೆಳಗೆ. ‘ಕೆನ್ನೆ ಆನಿಸು, ಬೆರಳಿಂದ ಹುಡುಕು’ ಅಂದೆ. ಕೆನ್ನೆ ಆನಿಸಿದ. ನಾನು ಕೂಗತೊಡಗಿದೆ. ಮೆಟ್ಟಿಲು. ಮೆಟ್ಟಿಲು.

ಮೇಲಿನ ತುದಿಯಿಂದ ಏನು ಕಾಣುತ್ತದೆ ಅಂತ ಇಷ್ಟು ವರ್ಷ ನಾನು ಯೋಚಿಸಿಯೇ ಇರಲಿಲ್ಲ. ಮೆಟ್ಟಿಲು ಕಾಣುತ್ತದೆ, ಗೋಡೆ ಕಾಣುತ್ತದೆ ಅಂದುಕೊಂಡಿದ್ದೆ. ಎಲ್ಲಕ್ಕಿಂತ ಮೊದಲು ಕಾಣುವುದು ಮುಖ. ಮರದ ಅಂಚಿನ ಮೇಲೆ ಅವನ ಅರ್ಧ ಮುಖ, ಅಷ್ಟೇ. ಕಣ್ಣು ಗೋಡೆಯ ಮೇಲೆ, ತುಟಿ ಹಲ್ಲಿನ ಕೆಳಗೆ, ಹಣೆಯಲ್ಲಿ ಉಬ್ಬಿದ ನರ. ನಾನು ಒಂದೊಂದು ಸಲ ಕೂಗಿದಾಗಲೂ ಆ ಮುಖ ನಂಬಿಕೊಂಡು ಒಂದು ಮೆಟ್ಟಿಲು ಕೆಳಗೆ ಹೋಗುತ್ತಿತ್ತು. ಬೇರೆ ಕಡೆ ನೋಡೋಣ ಅಂದರೂ ಆಗುವುದಿಲ್ಲ.

ತಿರುವಿನ ಹತ್ತಿರ ಆ ಮುಖ ಬದಲಾಯಿತು. ಇನ್ನೂ ಏನೂ ಆಗಿರಲಿಲ್ಲ. ಕಾಲು ಜಾರಿರಲಿಲ್ಲ, ಕೈ ಸಡಿಲವಾಗಿರಲಿಲ್ಲ, ಅವನು ಹಾ ಅಂದೂ ಇರಲಿಲ್ಲ. ಆದರೆ ಮುಖದಿಂದ ಏನೋ ಹೊರಟುಹೋಯಿತು. ನಾನು ಯೋಚಿಸಲಿಲ್ಲ, ಕೂಗಲಿಲ್ಲ. ಕೈ ತಾನೇ ಎಳೆಯಿತು. ಬೀರುವಿನ ಭಾರವೆಲ್ಲ ನನ್ನ ಎದೆಗೆ ಬಂತು, ಮಣಿಕಟ್ಟು ಮರದ ಅಂಚಿಗೆ ಸಿಕ್ಕಿ ಉರಿಯಿತು. ಕೆಳಗೆ ತಮ್ಮ ಖಾಲಿ ಕೈಯಲ್ಲಿ ತತ್ತರಿಸಿ, ಕಂಬಿ ಹಿಡಿದುಕೊಂಡು ನಿಂತ.

‘ಯಾಕಣ್ಣ ಎಳೆದೆ?’ ಅಂದ.

ನಾನು ಬೀರು ಅಪ್ಪಿಕೊಂಡು ನಿಂತೇ ಇದ್ದೆ. ಅವನು ತಲೆಯೆತ್ತಿ ನನ್ನನ್ನು ನೋಡಿದ. ಕೇಳಿದ್ದು ಏನು ಅಂತ ಅವನಿಗೂ ಹೊಳೆಯಿತು.

‘ಆವತ್ತು ನನ್ನ ಮುಖಾನೂ ಹೀಗೇ ಆಗಿತ್ತಾ?’ ಅಂದೆ.

‘ಇನ್ನೂ ಕೆಟ್ಟದಾಗಿತ್ತು’ ಅಂದ. ‘ಬಿದ್ದೇಬಿಟ್ಟೆ ಅಂದ್ಕೊಂಡೆ. ಕೂಗಬೇಕು ಅಂತ ನೆನಪೇ ಆಗ್ಲಿಲ್ಲ ಅಣ್ಣ.’

ಮತ್ತೆ ಕೆನ್ನೆ ಮರಕ್ಕೆ ಆನಿಸಿದ. ನನಗೆ ಅಳು ಬಂತು. ಕೈ ಖಾಲಿ ಇಲ್ಲದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ. ಮೇಲಿನವನ ಮುಖ ಕೆಳಗಿನವನಿಗೆ ಕಾಣುವುದಿಲ್ಲ, ಅದೊಂದು ಪುಣ್ಯ. ದನಿ ಸರಿಮಾಡಿಕೊಂಡು ಕೂಗಿದೆ. ತಿರುವು. ಮೆಟ್ಟಿಲು. ಮೆಟ್ಟಿಲು. ಕೊನೆಯ ಮೆಟ್ಟಿಲಾದ ಮೇಲೂ ಅವನು ಕೈ ಬಿಡಲಿಲ್ಲ. ನಾನು ಹೇಳುವುದನ್ನೇ ಕಾಯುತ್ತಿದ್ದ.

‘ನೆಲ’ ಅಂದೆ.

ಮನೆಗೆ ಬಂದಾಗ ಇವಳು ಬಾಗಿಲಲ್ಲೇ ನಿಂತಿದ್ದಳು. ‘ಬೆನ್ನು ಹೇಗಿದೆ?’ ಅಂದಳು.

‘ಉಳುಕಿದ ಹಾಗೆ ಕಾಣಲಿಲ್ಲ. ಆದ್ರೂ ಶಾಖ ಕೊಟ್ಕೋ ಅಂದಿದೀನಿ, ರಬ್ಬರ್ ಚೀಲಾನೂ ಅವನಿಗೇ ಕೊಟ್ಟು ಬಂದೆ. ಬೆಕ್ಕಿನ ಕಸರತ್ತು ಮಾಡು ಅಂದ್ರೆ ಹೂಂ ಅಂದ. ಮಾಡಲ್ಲ ಅವನು, ಮುಖ ನೋಡಿದ್ರೇ ಗೊತ್ತಾಗುತ್ತೆ. ನಾಳೆ ಬೆಳಿಗ್ಗೆ ಹೋಗಿ ನಾನೇ ನಿಂತು ಮಾಡಿಸ್ಬೇಕು’ ಅಂದೆ.

‘ನಾನು ಕೇಳಿದ್ದು ನಿಮ್ಮ ಬೆನ್ನು’ ಅಂದಳು.